ನಾಲ್ಕು ಕಂಪ್ಯೂಟರುಗಳು ಬಡಿದ ರೊಟ್ಟಿ

ನನಗೆ ನೆನಪಿರುವುದನ್ನೆಲ್ಲ ನಾನು ಅರ್ಧದಷ್ಟೇ ನಂಬುತ್ತೇನೆ. ವಿಶ್ವವಿದ್ಯಾಲಯದಲ್ಲಿ ಕಲಿತ ಸಂಶಯ ಬೇರೆ ಯಾವುದಕ್ಕೂ ಉಪಯೋಗವಾಗದೆ ಕೊನೆಗೆ ನನ್ನ ಮೇಲೆಯೇ ತಿರುಗಿತು. ಅಫಜಲಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಒಂಟಿ ಮನುಷ್ಯ ನಾನು. ರವಿವಾರ ಮಾತಾಡಿಸುವವರಿಲ್ಲದೆ, ತೀರಿಹೋದ ಅವ್ವ ಜೋಳದ ರೊಟ್ಟಿ ಬಡಿಯುವುದನ್ನು ಪರದೆಯ ಮೇಲೆ ಚಲಿಸುವ ಚಿತ್ರವಾಗಿ ಮಾಡಲು ಕೂತೆ. ಅವಳದೊಂದು ಫೋಟೋ ಕೂಡ ಇಲ್ಲ. ಆ ಕೈಗಳಾದರೂ ಉಳಿಯಲಿ ಎಂಬ ಆಸೆ.

ಪ್ರೋಗ್ರಾಮ್ ಬರೆಯುವ ರೀತಿ ಹೊಸದು. ಕೈ ಒಂದು ವಸ್ತು, ರೊಟ್ಟಿ ಒಂದು ವಸ್ತು. ತನ್ನ ಕೆಲಸ ಹೇಗೆ ಮಾಡಬೇಕೆಂಬುದು ಅದರದರ ಹೊಟ್ಟೆಯೊಳಗೇ ಇರುತ್ತದೆ. ಹೊರಗಿನಿಂದ ‘ಬಡಿ’ ಎಂದರೆ ಕೈ ಬಡಿಯುತ್ತದೆ, ‘ತಿರುಗು’ ಎಂದರೆ ರೊಟ್ಟಿ ತಿರುಗುತ್ತದೆ. ನಮ್ಮ ಕಾಲೇಜಿನಲ್ಲಿ ಇಷ್ಟು ವಿಧೇಯರು ಬೇರೆ ಯಾರೂ ಇಲ್ಲ. ಒಂದೇ ಯಂತ್ರ ಎಲ್ಲ ಚಿತ್ರ ಬರೆಯುತ್ತ ಕೂತರೆ ವಾರ ಹಿಡಿಯುತ್ತದೆಂದು ನಾಲ್ಕು ಯಂತ್ರಗಳಿಗೆ ಕಾಲುಕಾಲು ಭಾಗ ಹಂಚಿ ಏಕಕಾಲಕ್ಕೆ ಓಡಿಸಿದೆ. ಫ್ಲಾಪಿ ಹಿಡಿದು ಅವುಗಳ ನಡುವೆ ನಾನೂ ಓಡಿದೆ.

ಜೋಡಿಸಿ ನೋಡಿದರೆ ಅವ್ವ ಎರಡು ಭಾಗ ಬಲಗೈಯಲ್ಲಿ ಬಡಿದು, ಉಳಿದೆರಡು ಭಾಗ ಎಡಗೈಯಲ್ಲಿ ಬಡಿದಳು. ರೊಟ್ಟಿ ನಡುವೆಯೇ ಮನಸ್ಸು ಬದಲಿಸಿ ಹಿಂದಕ್ಕೆ ತಿರುಗಿತು. ಯಾವಾಗಲೋ ಕೈಯನ್ನು ತಿದ್ದಿ, ಆ ತಿದ್ದುಪಡಿಯನ್ನು ಎರಡು ಯಂತ್ರಗಳಿಗೆ ಒಯ್ಯಲು ಮರೆತಿದ್ದೆ. ತಿದ್ದಿದ್ದು ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ, ಅದೂ ನೆನಪಿಲ್ಲ.

ಬೀಗ ಹಾಕಲು ಬಂದ ಜವಾನ ರಾಜಾಸಾಬ ಬಹಳ ಹೊತ್ತು ನೋಡಿದ. “ಸರ್, ನಿಮ್ಮ ಅವ್ವಾರು ಎಡಚರೇನ್ರಿ?” ಎಂದ. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ, ಕರೆಂಟಿನ ಮೇಲೆ ತಪ್ಪು ಹೊರಿಸಿದೆ. ಇಪ್ಪತ್ತು ವರ್ಷ ಆ ಕೈಯ ರೊಟ್ಟಿ ತಿಂದವನು ನಾನು.

ಮುಂದಿನ ರಜೆಗೆ ಬಸ್ಸು ಹತ್ತಿ ಸರಸಂಬಾಕ್ಕೆ, ಅಕ್ಕನ ಮನೆಗೆ ಹೋದೆ. ಅವಳು ಒಲೆಯ ಮುಂದಿದ್ದಳು. ಅವ್ವ ಯಾವ ಕೈಯಲ್ಲಿ ಬಡಿಯುತ್ತಿದ್ದಳೆಂದು ಕೇಳಿದ್ದಕ್ಕೆ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು.

“ನಿನಗ ಹ್ಯಾಂಗ ಗೊತ್ತಿರಬೇಕೋ ತಮ್ಮಾ. ಅವ್ವ ರೊಟ್ಟಿ ಬಡಿಯೋವಾಗ ನೀ ಗ್ವಾಡಿಗಿ ಮಾರಿ ಮಾಡಿ ಓದ್ಕೋತ ಕುಂದರ್ತಿದ್ದಿ. ಬರೇ ಸಪ್ಪಳ ಕೇಳಿದಿ ನೀ.”

ನಿಜ. ಆ ಸಪ್ಪಳದ ವಿಷಯದಲ್ಲಿ ಮಾತ್ರ ನನಗೆ ಸಂಶಯವಿಲ್ಲ. ಆದರೆ ನನ್ನ ನಾಲ್ಕೂ ಯಂತ್ರಗಳು ಮೂಕ.

ಪರಾತದಲ್ಲಿ ಹಿಟ್ಟಿನ ಒಂದೇ ಉಂಡೆ ಉಳಿದಿತ್ತು. “ಇಲ್ಲಿ ಕುಂದ್ರು. ಆಕಿ ಕೈನೇ ನನಗೂ ಬಂದದ. ನೋಡು,” ಎಂದಳು ಅಕ್ಕ. ನಾನು ಎದುರಿಗೇ ಕೂತೆ. ಇನ್ನು ಮರೆಯಬಾರದೆಂದು ಜೇಬಿನಿಂದ ನೋಟ್‌ಬುಕ್ ತೆಗೆದೆ, ತಾರೀಖು ಹಾಕಿದೆ, ‘ಕೈ’ ಎಂದು ತಲೆಬರಹ ಬರೆದು, ಅದರ ಕೆಳಗೆ ನೇರವಾಗಿ ಒಂದು ಗೆರೆ ಎಳೆದು ತಲೆ ಎತ್ತಿದೆ. ರೊಟ್ಟಿ ಆಗಲೇ ಹಂಚಿನ ಮೇಲಿತ್ತು. ಅಕ್ಕ ಎರಡೂ ಕೈ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.