ಶಾಕ್ ಹೋದ ದಿನ

“ಇದರ ಶಾಕ್ ಹೋದ ದಿನ ಕಾರು ಮಾರಿಬಿಡ್ತೀನಿ, ನಿನ್ನಾಣೆ” ಎಂದು ಕನ್ನಡಕದ ಅಂಗಡಿಯವನು ಹೆಂಡತಿಗೆ ಮಾತು ಕೊಟ್ಟು ಎಷ್ಟೋ ವರ್ಷಗಳಾಗಿದ್ದವು. ಅದಕ್ಕೂ ಹಿಂದಿನ ಕಾರಿನಲ್ಲಿ, ಕುಲುಕು ತಡೆಯುವ ಶಾಕ್ ಅಬ್ಸಾರ್ಬರ್ ಸವೆದು, ಕುಲುಕಿ ಕುಲುಕಿ ನಡು ನೋಯಿಸಿಕೊಂಡಿದ್ದ ಹೆಂಡತಿ ಹಾಕಿದ್ದ ಒಂದೇ ಷರತ್ತು ಅದು. ಕಾರು ಅವಳ ಹೆಸರಿನಲ್ಲಿತ್ತು. ಪ್ರಾಣ ಮಾತ್ರ ಇವನದು. ರಜೆಯ ದಿನ ತಾನು ಸ್ನಾನ ಮಾಡುವುದನ್ನು ಮರೆತರೂ ಕಾರಿಗೆ ಮಾಡಿಸುವುದನ್ನು ಮರೆಯುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಎದುರುಮನೆಯ ಟೈಲರ್ ಅದೂ ಇದೂ ಮಾತಾಡುತ್ತ ಬಾನೆಟ್ಟಿನ ಮೂಲೆಗೆ ಕೈಯೂರಿದ. ಕೈ ತೆಗೆದ. ಕಾರು ತಗ್ಗಿತು, ಎದ್ದಿತು, ಮತ್ತೆ ತಗ್ಗಿತು. ಸಾಹೇಬರ ಎದುರು ನಿಂತ ಜವಾನನ ಹಾಗೆ ತಲೆಯಾಡಿಸುತ್ತಲೇ ಇತ್ತು.

“ಅಯ್ಯೋ, ಶಾಕ್ ಹೋಗಿದೆ ಕಣಣ್ಣ!”

“ಶ್! ಮೆಲ್ಲಗೆ ಹೇಳೋ. ಒಳಗೆ ಅವಳಿದ್ದಾಳೆ.”

ಹೋಗುವ ಶಾಕ್ ಬೇರೆ ದಿನ ಹೋಗಬಾರದಿತ್ತೆ? ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದ್ದ ಅತ್ತೆಯನ್ನು ಅಂದೇ ಮಧ್ಯಾಹ್ನ ಆಸ್ಪತ್ರೆಯಿಂದ ಕರೆತರಬೇಕಿತ್ತು. “ದಾರಿಯಲ್ಲಿ ಒಂದು ಕುಲುಕೂ ಆಗಬಾರದು. ಕೂಡಿಸಿದ್ದು ಜರುಗಿದರೆ ಮತ್ತೆ ಕುಯ್ಯಬೇಕಾಗುತ್ತೆ” ಎಂದು ಡಾಕ್ಟರು ಬೆರಳೆತ್ತಿ ಹೇಳಿದ್ದರು. ಬಾಡಿಗೆ ಕಾರಿಗೆ ಹೇಳಲೇ ಎಂದ ಹೆಂಡತಿಗೆ ಇವನೇ, “ನಮ್ಮ ಕಾರಿರುವಾಗ? ಹೂವಿನ ಹಾಗೆ ತರ್ತೀನಿ” ಎಂದು ಎದೆಯುಬ್ಬಿಸಿದ್ದ. ಈಗ ಬಾಡಿಗೆ ಕಾರು ಎಂದರೆ ಏಕೆ ಎಂದಾಳು. ಏಕೆ ಎಂದರೆ ಮುಗಿಯಿತು.

ಕಾರು ತೆಗೆದುಕೊಂಡು ಗ್ಯಾರೇಜಿಗೆ ಓಡಿದ. ಮೆಕ್ಯಾನಿಕ್ ಕಾರಿನಡಿಗೆ ತೂರಿ, ಎಣ್ಣೆ ಅಂಟಿದ ಬೆರಳು ಹಿಡಿದುಕೊಂಡು ಹೊರಬಂದ.

“ಸೋರಿ ಹೋಗಿದೆ ಸಾರ್. ಮುಂದಿನವು ಎರಡೂ. ಎಷ್ಟು ಓಡಿದೆ?”

“ಒಂದು ಲಕ್ಷ ಕಿಲೋಮೀಟರಿನ ಮೇಲೆ.”

“ಎಂಬತ್ತು ಸಾವಿರದ ಹೊತ್ತಿಗೇ ತೋರಿಸ್ಬೇಕಿತ್ತು. ಗುಂಡಿ ರಸ್ತೆ ಆದ್ರೆ ಇನ್ನೂ ಮೊದಲೇ.”

“ನನಗೆ ಯಾರೂ ಹೇಳಲೇ ಇಲ್ಲವಲ್ಲಯ್ಯ!”

“ಕಾರೇ ಹೇಳ್ತಿತ್ತಲ್ಲ. ಬ್ರೇಕ್ ಹಾಕಿದಾಗಲೆಲ್ಲ ಮೂತಿ ಬಗ್ಗಿಸ್ತಿರಲಿಲ್ವಾ?”

ಬಗ್ಗಿಸುತ್ತಿತ್ತು. ಇವನು ಅದನ್ನು ವಿನಯ ಎಂದುಕೊಂಡಿದ್ದ.

ಹೊಸ ಶಾಕ್ ಬರುವುದು ನಾಳೆಯೇ. “ತಂದು ಗುಟ್ಟಾಗಿ ಹಾಕಿಬಿಡು. ಇವತ್ತೊಂದು ದಿನ ಓಡಿಸಬಹುದಾ?” ಎಂದು ಗೋಗರೆದ. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ, “ಓಡಿಸ್ಬೇಡಿ. ನಡೆಸಿಕೊಂಡು ಹೋಗಿ” ಎಂದ.

ಮನೆ ಮುಂದೆ ಟೈಲರ್ ಉಪಾಯ ಹೂಡಿಕೊಂಡು ಕಾದಿದ್ದ. ಕೆಟ್ಟುಹೋದ ಎರಡು ಹೊಲಿಗೆ ಯಂತ್ರಗಳನ್ನು ಹೊತ್ತು ತಂದು ಡಿಕ್ಕಿಯಲ್ಲಿ ಕೂರಿಸಿದ. “ಭಾರ ಇದ್ರೆ ಕುಣಿಯೋಲ್ಲಣ್ಣ. ಹೊಟ್ಟೆ ತುಂಬಿದ ಮಗು ತೆಪ್ಪಗೆ ಮಲಗಲ್ವಾ, ಹಾಗೆ.”

ಅಷ್ಟರಲ್ಲಿ ಮಹಡಿ ಮನೆಯ ನಿವೃತ್ತ ಮೇಷ್ಟ್ರು ಕೋಲೂರಿಕೊಂಡು ಇಳಿದು ಬಂದರು. “ನಾನೂ ಬರ್ತೀನಿ.”

“ನಿಮಗ್ಯಾಕೆ ತೊಂದರೆ ಮೇಷ್ಟ್ರೇ, ಮೊದಲೇ ಬೆನ್ನುನೋವು…”

“ಬೆನ್ನಿಗೋಸ್ಕರವೇ ಬರ್ತಿರೋದು, ನಡಿ.”

ಅವರು ಹಿಂದಿನ ಸೀಟಿನಲ್ಲಿ ಕೂತು ಕಿಟಕಿ ಇಳಿಸಿದರು, ಏರಿಸಿದರು. ಬಾಗಿಲು ತೆಗೆದು ಹಾಕಿ ನೋಡಿದರು. ಹೆಂಡತಿ ಗೇಟಿನಲ್ಲಿ ನಿಂತು ನಕ್ಕಳು.

ಅತ್ತೆಯನ್ನು ಮುಂದಿನ ಸೀಟಿನಲ್ಲಿ, ಎರಡು ದಿಂಬುಗಳ ನಡುವೆ ಗಾಜಿನ ಹೂದಾನಿಯಂತೆ ಇಟ್ಟುಕೊಂಡು ಅವನು ಹೊರಟ. ಆಸ್ಪತ್ರೆಯ ಗೇಟಿನಲ್ಲೇ ಮೊದಲ ಹಂಪು. ದಿನಾ ಹಾರಿಸಿಕೊಂಡು ಹೋಗುತ್ತಿದ್ದ ಆ ಉಬ್ಬು ಇಂದು ಮಲಗಿದ ಆನೆಯ ಹಾಗೆ ಕಂಡಿತು. ಉಸಿರು ಬಿಗಿಹಿಡಿದು ಹತ್ತಿಸಿದ, ಇಳಿಸಿದ. ಕಾರು ತೂಗಿತು. ತೂಗುತ್ತಲೇ ಇತ್ತು. ಅತ್ತೆಯ ತಲೆ ಒಂದು ಕಡೆಗೆ ವಾಲಿತು.

ಹಿಂದೆ ಹಾರ್ನುಗಳು ಅರಚಿದವು. ಸೈಕಲ್ಲಿನ ಮುದುಕನೊಬ್ಬ ಪಕ್ಕಕ್ಕೆ ಬಂದು, “ತಳ್ಳಬೇಕಾ?” ಎಂದು ಕೇಳಿ ಮುಂದೆ ಹೋದ. ಶಾಲೆಯ ತಿರುವಿನಲ್ಲಿ ಬೈಕೊಂದು ಅಡ್ಡ ನುಗ್ಗಿತು. ಬ್ರೇಕ್! ಕಾರು ಮೂತಿಯಿಂದ ರಸ್ತೆಯನ್ನು ಮೂಸಿ ನೋಡಿ ಮೇಲೆದ್ದಿತು. ಅತ್ತೆಯ ಕಣ್ಣು ಮುಚ್ಚಿತ್ತು, ಬಾಯಿ ಅರೆ ತೆರೆದಿತ್ತು. ಉಸಿರಾಡುತ್ತಿದ್ದಾರೋ ಇಲ್ಲವೋ. ಕಾರೊಂದರ ಆಸೆಗೆ ಹೆಂಡತಿಯ ತಾಯಿಯನ್ನೇ ಕೊಂದುಬಿಟ್ಟೆನೇ?

“ಅತ್ತೇ… ಅತ್ತೇ!”

“ಏನಪ್ಪಾ?”

“ಏನಿಲ್ಲ. ಇದ್ದೀರಾ ಅಂತ.”

“ಒಳ್ಳೆ ಜೊಂಪು ಹತ್ತಿತ್ತು, ಎಬ್ಬಿಸಿಬಿಟ್ರಲ್ಲ ಅಳಿಯಂದ್ರೇ.”

ಮನೆ ತಲುಪುವ ಹೊತ್ತಿಗೆ ಅವನ ಅಂಗಿ ಹಿಂಡಿದರೆ ಬಕೆಟ್ ತುಂಬುವಂತಿತ್ತು. ಅತ್ತೆಯನ್ನು ಜೋಪಾನವಾಗಿ ಮಂಚಕ್ಕೆ ಸಾಗಿಸಿ, ಗೆದ್ದೆ ಎಂದು ಅವನು ಗೋಡೆಗೊರಗಿದ. ಆಗ ಮೇಷ್ಟ್ರು ಹೆಂಡತಿಯ ಕಡೆ ತಿರುಗಿ ಕೋಲು ಕುಟ್ಟಿದರು. “ಒಪ್ಪಿಗೆ ಕಣಮ್ಮ. ಕಾರು ನನಗೇ ಇರಲಿ. ಬೆನ್ನಿಗೆ ಒಂದು ಚೂರೂ ತಗುಲಲಿಲ್ಲ, ತೊಟ್ಟಿಲಲ್ಲಿಟ್ಟು ತೂಗಿದ ಹಾಗಿತ್ತು.”

“ಏನು ಒಪ್ಪಿಗೆ?” ಎಂದ ಇವನು.

“ಬೈಬೇಡಿ ರೀ. ಶಾಕ್ ಹೋದ ಮೇಲೆ ಯಾರು ತಗೋತಾರೆ? ಚೆನ್ನಾಗಿರುವಾಗಲೇ ಕೊಟ್ಟುಬಿಡೋಣ ಅಂತ ನಾನೇ ಮೇಷ್ಟ್ರಿಗೆ ಹೇಳಿದ್ದೆ, ಒಂದು ಸಲ ಕೂತು ನೋಡಿ ಅಂತ.”

ಅವನಿಗೆ ಕತ್ತಲೆಯಲ್ಲಿ ದೀಪ ಕಂಡಂತಾಯಿತು. ಹಿಂದುಮುಂದು ನೋಡದೆ ಕೂಗಿದ: “ಮೇಷ್ಟ್ರೇ, ತಗೋಬೇಡಿ! ಅದರ ಶಾಕ್ ಹೋಗಿದೆ! ಬೇಕಾದ್ರೆ ಟೈಲರನ್ನ ಕೇಳಿ!”



“ಹೋಗಿಯೇ ಇಷ್ಟು ಸುಖವಾಗಿದೆ ಅಂದ್ರೆ, ಹೊಸದರ ಖರ್ಚೂ ಉಳೀತು” ಎಂದರು ಮೇಷ್ಟ್ರು.

“ಶಾಕ್ ಹೋಗಿದೆಯಾ?” ಎಂದಳು ಹೆಂಡತಿ, ಒಂದೊಂದೇ ಅಕ್ಷರವನ್ನು ಅಗಿಯುತ್ತ. “ನನ್ನಾಣೆ ಇಟ್ಟಿದ್ರಿ. ನೆನಪಿದೆಯಾ?”

ಒಳಗಿನಿಂದ ಅತ್ತೆಯ ದನಿ ಬಂತು: “ಅಳಿಯಂದ್ರೇ, ಡಾಕ್ಟರು ದಿನಾ ವ್ಯಾಯಾಮಕ್ಕೆ ಬರೋಕೆ ಹೇಳಿದ್ದಾರೆ. ಅದೇ ಕಾರಲ್ಲೇ ಹೋಗೋಣ.”

ಮರುದಿನ ಬೆಳಿಗ್ಗೆ ಮೆಕ್ಯಾನಿಕ್ ಎರಡು ಹೊಸ ಶಾಕ್ ಹಿಡಿದು ಬಾಗಿಲಲ್ಲಿ ನಿಂತು, ಕಾರೆಲ್ಲಿ ಎಂದು ಕಣ್ಸನ್ನೆಯಲ್ಲೇ ಗುಟ್ಟಾಗಿ ಕೇಳಿದ.

ಶಾಕ್ ಹೋದ ದಿನ ಮಾರುತ್ತೇನೆ ಎಂದಿದ್ದ. ಅದೇ ದಿನ ಮಾರಿದ.