ಹಂಚಿಹೋದ ಕಣಿವೆ

ಅಡವಿ ಖಾತೆಯಲ್ಲಿ ಹತ್ತು ವರ್ಷದಿಂದ ಗುಮಾಸ್ತನಾಗಿರುವ ನನಗೆ ಗಿಡಗಳೆಲ್ಲ ಪರಿಚಯವೆಂದು ನಮ್ಮ ಸಪ್ತಾಪುರದ ಜನ ನಂಬಿದ್ದಾರೆ. ಆ ನಂಬಿಕೆಗೆ ನಾನಾಗಿ ಧಕ್ಕೆ ತಂದವನಲ್ಲ. ಆದರೆ ನಿಮ್ಮೆದುರು ಮುಚ್ಚುಮರೆಯೇಕೆ? ಗಿಡದ ಹೆಸರನ್ನು ದುಂಡಗೆ ಬರೆಯುವುದಷ್ಟೇ ನನ್ನ ವಿದ್ಯೆ. ಅಂಗಳದ ತುಳಸಿಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ನನಗೆ ಬರೀ ಹಸಿರು.

ಆ ವರ್ಷ ದಸರೆಗೆ ಮುಂಚೆ ನಮ್ಮ ಬಿಳಿ ಸಾಹೇಬರು ಘಟ್ಟದ ಕಾಯ್ದಿಟ್ಟ ಅಡವಿಯಿಂದ ಸಣ್ಣೆಲೆಯ ಟೊಂಗೆಯೊಂದನ್ನು ತಂದರು. ಆ ಜಾತಿಯ ಗಿಡ ಒಂದೇ ಕಣಿವೆಯಲ್ಲಿ ಉಳಿದಿದೆಯಂತೆ. ಆ ಕಣಿವೆಯನ್ನೇ ಕಡಿಯಲು ಗುರುತು ಹಾಕಿದ್ದಾರಂತೆ. ಒಣಗಿಸಿದ ಟೊಂಗೆ ಹಬ್ಬದ ಮರುದಿನದ ಟಪಾಲಿಗೆ ಮೇಲಿನವರಿಗೆ ಹೋದರೆ ಕೊಡಲಿ ನಿಂತೀತು. ಕಚೇರಿಯಲ್ಲಿ ಥಂಡಿ ಬಹಳ, ಒಣಗದೆಂದು ದೊಡ್ಡಸ್ತಿಕೆಯಿಂದ ನಾನೇ ಅದನ್ನು ಮನೆಗೆ ತಂದು ಕಾಗದದ ನಡುವೆ ಒಣಗಲಿಟ್ಟೆ. ತಂದದ್ದೇ ತಪ್ಪಾಯಿತು. ಕೂತಲ್ಲಿ ಕೂಡಲಾಗದು, ಕಾಗದ ಸರಿಸಿ ನೋಡುವುದು, ಮುಚ್ಚುವುದು, ಮತ್ತೆ ನೋಡುವುದು. ದಸರೆಯ ದಿನ ತಳಮಳ ತಡೆಯದೆ ಕೆಲಗೇರಿ ಕೆರೆಯತನಕ ತಿರುಗಾಡಿ ಸಂಜೆಗೆ ಬಂದರೆ ಕಾಗದ ಖಾಲಿ!

"ಕಾಕೂ, ಟೊಂಗಿ ಎಲ್ಲೆ?"

"ಬನ್ನಿ ಕೊಡ್ಲಿಕ್ಕೆ ಬಂದವರಿಗೆ ಮುರದು ಮುರದು ಕೊಟ್ಟೆ. ಬನ್ನಿ ತಾ ಅಂತ ಮುಂಜಾನಿಂದ ಬಡಕೊಂಡೆ, ನೀ ಎಲ್ಲೆ ತಂದಿ?" ಎಂದಳು ನಮ್ಮ ಮನೆಯ ಯಜಮಾನಿಕೆ ನಡೆಸುವ ನನ್ನ ಚಿಕ್ಕಮ್ಮ, ಕಾಕು.

ಒಂದು ಕಣಿವೆಯನ್ನೇ ಈಕೆ ಓಣಿಗೆ ಹಂಚಿಬಿಟ್ಟಿದ್ದಳು.

ಮನೆಮನೆಗೆ ಓಡಿದೆ. ಬಂಗಾರವೆಂದು ಕೊಟ್ಟ ಬನ್ನಿಯನ್ನು ಹಬ್ಬದ ದಿನವೇ ಮರಳಿ ಕೇಳುವುದೆಂದರೆ ಮಾನ ಉಳಿಯುತ್ತದೆಯೇ? ಬಡಿಗ ಇಮಾಮಸಾಬರು ತಮಗೆ ಬಂದ ಬನ್ನಿಯನ್ನೆಲ್ಲ ಮುಂದೆ ಸುರಿದು, "ನಿಮ್ದು ಆರಿಸಿಕೊಳ್ರಿ ರಾಯರ. ಅಡವಿ ಖಾತೇದವರಿಗೆ ಗುರ್ತು ಸಿಗೂದಿಲ್ಲೇನ್ರಿ?" ಎಂದರು. ಸಿಗಲಿಲ್ಲ. ಎಲ್ಲರ ಮನೆಯದನ್ನೂ ಧೋತರದಲ್ಲಿ ಕಟ್ಟಿಕೊಂಡು ಬಂದು ಪಡಸಾಲೆಯಲ್ಲಿ ರಾಶಿ ಹಾಕಿ ತಲೆಯ ಮೇಲೆ ಕೈಹೊತ್ತು ಕೂತೆ.

ಕಾಕು ಅಕ್ಕಿ ಆರಿಸುವವಳಂತೆ ಕೂತಳು. "ಇದು ಬನ್ನಿ. ಇದೂ ಬನ್ನಿ. ಇದು ನಿಂದು ನೋಡು, ಎಲಿ ಹಿಂದ ತುಪ್ಪಳ ಅದ." ಘಳಿಗೆಯಲ್ಲಿ ಏಳು ಚೂರು ಬೇರೆಯಾದವು.

"ಬನ್ನಿ ಅಲ್ಲಂತ ನಿನಗ ಗೊತ್ತಿತ್ತು?"

"ಕಣ್ಣಿಲ್ಲೇನು ನನಗ? ಬಂದವರನ್ನ ಬರಿಗೈಲೆ ಕಳಸ್ಬೇಕಿತ್ತೇನು? ಅಷ್ಟು ಬೆಲಿ ಇದ್ದದ್ದಾದ್ರ ಬಾಯಿಬಿಟ್ಟು ಹೇಳ್ಬೇಕಿತ್ತಪ್ಪ."

ಏಳು ಚೂರುಗಳನ್ನೂ ಹಾಳೆಗೆ ಅಂಟಿಸಿ ಟಪಾಲಿಗೆ ಹಾಕಿದೆ. ಕಣಿವೆ ಉಳಿಯಿತು, ಸಾಹೇಬರು ನನ್ನ ಬೆನ್ನು ತಟ್ಟಿದರು. ಹಾಳೆಯ ಕೆಳಗೆ 'ಗುರುತಿಸಿದವರು' ಎಂಬಲ್ಲಿ ನನ್ನ ಹೆಸರಿದೆ. ಕಾಕುಗೆ ಓದಲು ಬರುವುದಿಲ್ಲ, ಅದೊಂದೇ ಧೈರ್ಯ.