ಬೊಂಬೆಯ ಸೊಂಟ

ಸೂಜಿ ಕಂಡರೆ ನನಗೆ ಜೀವವೇ ಹೋಗುತ್ತದೆ. ಅಂಥವನು ಕಟ್ಟಿಕೊಂಡದ್ದು ಬಟ್ಟೆ ಹೊಲಿಯುವವಳನ್ನು. ಅಂಟಿಸಿಕೊಂಡದ್ದು ಸಕ್ಕರೆ ಕಾಯಿಲೆಯನ್ನು.

"ಒಂದು ತಿಂಗಳು ನೋಡ್ತೀನಿ. ಸಕ್ಕರೆ, ತೂಕ ಎರಡೂ ಇಳೀಬೇಕು. ಇಲ್ಲಾಂದ್ರೆ ಇನ್ಸುಲಿನ್ ಸೂಜಿ," ಎಂದರು ಡಾಕ್ಟರು. "ಬ್ರೆಡ್ಡು ಕಡಿಮೆ ಮಾಡಿ, ತರಕಾರಿ ಜಾಸ್ತಿ ತಿನ್ನಿ. ಪ್ರೋಟೀನು ಊಟಕ್ಕೆ ಅಂಗೈಯಷ್ಟು."

ಪ್ರೋಟೀನು ಕಿವಿಗೆ ಬಿತ್ತು, ಅಂಗೈ ಬೀಳಲಿಲ್ಲ. ಸಕ್ಕರೆಯೇ ಇಲ್ಲದ ವಸ್ತುವನ್ನು ಎಷ್ಟು ತಿಂದರೇನು? (ಇದು ನನ್ನ ಮಹಾಸಂಶೋಧನೆ.) ಊಟದ ಮೇಜಿನಲ್ಲಿ ಹೆಂಡತಿ ಅಂಗೈಯಷ್ಟೇ ಮೊಟ್ಟೆ, ಕಾಳು ಬಡಿಸುತ್ತಿದ್ದಳು, ಅದೂ ಅವಳ ಪುಟ್ಟ ಅಂಗೈ! ಅವಳು ಹೊಲಿದ ಬಟ್ಟೆ ಕೊಟ್ಟುಬರಲು ಹೊರಟಳೆಂದರೆ ನಾನು ಹೊಲಿಗೆ ಕೋಣೆಗೆ ನುಗ್ಗಿ, ದಾರದ ಡಬ್ಬಿಯ ಹಿಂದೆ ಬಚ್ಚಿಟ್ಟ ಚೀಸು, ಗೋಡಂಬಿ ಮುಗಿಸುತ್ತಿದ್ದೆ. ಸಾಕ್ಷಿಗೆ ಇದ್ದದ್ದು ಬಟ್ಟೆ ತೊಡಿಸಿ ಅಳತೆ ನೋಡುವ ಬೊಂಬೆ ಒಂದೇ. ಅದಕ್ಕೆ ತಲೆಯಿಲ್ಲ, ಕೈಯಿಲ್ಲ.

ಎರಡನೆಯ ವಾರ ನೋಡುತ್ತೇನೆ, ಬೊಂಬೆಯ ಸೊಂಟ ಊದಿದೆ! ತಿಂದವನು ನಾನು, ಊದಿದ್ದು ಅದು. ಮೂರನೆಯ ವಾರ ಅದರ ಹೊಟ್ಟೆಯ ಹೋಳುಗಳು ಬೇರೆಯಾಗಿ, ನಡುವೆ ಕಪ್ಪು ಸೀಳೊಂದು ಬಾಯಿ ತೆರೆದಿತ್ತು. ಜೊತೆಗೆ, ಮಧ್ಯಾಹ್ನ ನಿದ್ದೆಯ ಮಂಪರಿನಲ್ಲಿ ತಣ್ಣಗಿನದೇನೋ ನನ್ನ ಸೊಂಟ ಸುತ್ತಿ, ಬಿಗಿದು, ಸರ್ರನೆ ಜಾರಿಹೋಗುತ್ತಿತ್ತು. ಕಣ್ಣು ಬಿಟ್ಟರೆ ಯಾರೂ ಇಲ್ಲ. ಹೊಲಿಗೆ ಕೋಣೆಯಿಂದ ಮಾತ್ರ ಸಣ್ಣಗೆ ಕಿರ್... ಕಿರ್...

"ಏನೇ, ಆ ಬೊಂಬೆ ಬೆಳೀತಾ ಇದೆ ಕಣೇ!"

"ತಿಂದದ್ದೆಲ್ಲ ಎಲ್ಲಿಗಾದ್ರೂ ಹೋಗಬೇಕಲ್ಲ," ಎಂದಳು. ನಗಲಿಲ್ಲ.

ಡಾಕ್ಟರಲ್ಲಿಗೆ ಹೋಗುವ ಹಿಂದಿನ ಮಧ್ಯಾಹ್ನ ನಿದ್ದೆಯ ನಟನೆ ಮಾಡಿದೆ. ತಣ್ಣಗಿನದು ಬಂತು, ಸುತ್ತಿತು. ಕಿರುಚಿ ಹಿಡಿದೆ. ಕೈಯಲ್ಲಿ ಅಳತೆಯ ಟೇಪು. ಅದರ ತುದಿಯಲ್ಲಿ ಹೆಂಡತಿ!

"ನಲವತ್ತೊಂದು," ಎಂದು ಎದ್ದುಹೋಗಿ ಬೊಂಬೆಯ ಸೊಂಟ ಹಿಗ್ಗಿಸುವ ತಿರುಪು ತಿರುವಿದಳು. ಕಿರ್. "ನಿಮ್ಮ ಸೊಂಟ ರೀ ಇದು. ಮೊದಲ ದಿನವೇ ಚೀಸು ಸಿಕ್ಕಿತ್ತು. ನನ್ನ ಮಾತಿಗಂತೂ ಹೆದರಲ್ಲ, ಇದನ್ನ ನೋಡಿಯಾದ್ರೂ ಹೆದರಲಿ ಅಂತ."

"ಚೀಸಲ್ಲಿ ಸಕ್ಕರೆ ಎಲ್ಲಿದೆಯೇ?"

"ಸಕ್ಕರೆ ಇಲ್ಲ, ಕೊಬ್ಬಿದೆ. ನಿಮಗೂ ಅದೇ! ಬೊಂಬೆಗಾದ್ರೆ ತಿರುಪಿದೆ, ಇಳಿಸ್ತೀನಿ. ನಿಮ್ಮ ತಿರುಪು ಎಲ್ಲಿದೆ?"

ಮರುದಿನ ಡಾಕ್ಟರು ತೂಕದ ಮುಳ್ಳು ನೋಡಿದರು, ರಕ್ತದ ವರದಿ ನೋಡಿದರು, ಕೊನೆಗೆ ನನ್ನ ಅಂಗೈ ನೋಡಿದರು. ಸೂಜಿ ಬರೆದರು.

ಈಗ ಮೇಜಿನೆದುರು ಬೊಂಬೆ ನಿಂತಿರುತ್ತದೆ. ತಲೆಯಿಲ್ಲ, ಆದರೂ ನಾನು ತಿನ್ನುವ ತುತ್ತು ತುತ್ತನ್ನೂ ನೋಡುತ್ತದೆ. ಊಟಕ್ಕೆ ಮುಂಚೆ ಹೆಂಡತಿ ನನ್ನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು, ಸೂಜಿಯನ್ನು ಬೆಳಕಿಗೆ ಎತ್ತುತ್ತಾಳೆ.

"ಅಲ್ಲಾಡಬೇಡಿ ರೀ, ಹೊಲಿಗೆ ಸೊಟ್ಟಗಾಗುತ್ತೆ."